ಚೀರಬೇಡಿ ಎಂದವಳು

ಕಳೆದ ತಿಂಗಳು ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಬಸುರಿಯರಿಗೆ ಹೆರಿಗೆಯ ತಿಳಿವಳಿಕೆ ಕೊಡುವ ಕೆಲಸ ಅವಳ ಪಾಲಿಗೆ ಬಂದಿದೆ. ನಿವೃತ್ತಳಾಗುವವರೆಗೆ ನಾನು ಮಾಡಿದ್ದೂ ಅದನ್ನೇ. "ಹೆಂಗಿರ್ತೈತ್ರಿ ಮೇಡಂ ಈ ಕೆಲಸ?" ಎಂದು ಕೇಳಿದಳು. "ಬರದು ಕೊಡ್ತೇನಿ, ತಡಿ" ಎಂದು ಹೇಳಿ ಕಳಿಸಿದೆ.

ಬರೆಯಲು ಕೂತಾಗ ಹಳೆಯ ಡೈರಿಗಳನ್ನು ತೆಗೆದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಹತ್ತಿದ ಚಟ ಅದು, ದಿನಕ್ಕೆ ನಾಲ್ಕು ಸಾಲಾದರೂ ಬರೆಯುವುದು. ಓದುತ್ತಾ ಹೋದಂತೆ ಮುಜುಗರವಾಯಿತು. ನನಗೆ ನೆನಪಿರುವುದಕ್ಕೂ ನಾನೇ ಬರೆದಿಟ್ಟಿರುವುದಕ್ಕೂ ಅನೇಕ ಕಡೆ ತಾಳೆಯಾಗುವುದಿಲ್ಲ. ನೆನಪಿನಲ್ಲಿ ನಾನು ಜಾಣೆ, ಡೈರಿಯಲ್ಲಿ ಬರೀ ದಣಿದವಳು. ಆದ್ದರಿಂದ ಮುಂದೆ ಬರುವ ಮಾತುಗಳೆಲ್ಲ ಅಕ್ಷರಕ್ಕೆ ಅಕ್ಷರ ಹೀಗೇ ಇದ್ದವು ಎಂದು ಆಣೆ ಮಾಡಲಾರೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳುತ್ತೇನೆ.

ನನ್ನ ಮೊದಲ ತರಗತಿ ಹಾನಗಲ್ಲ ತಾಲೂಕಿನ ಒಂದು ಅಂಗನವಾಡಿಯಲ್ಲಿ. ನಾನು ನರ್ಸ್ ಅಲ್ಲ, ಆರೋಗ್ಯ ಶಿಕ್ಷಣದವಳು. ಹೆರಿಗೆ ಮಾಡಿಸುವುದು ನನ್ನ ಕೆಲಸವಲ್ಲ, ಹೆರಿಗೆ ಹೇಗಾಗುತ್ತದೆ ಎಂದು ಮೊದಲೇ ತಿಳಿಸಿ ಹೆದರಿಕೆ ಕಡಿಮೆ ಮಾಡುವುದಷ್ಟೇ. ಇಲಾಖೆ ಕೊಟ್ಟ ಬಣ್ಣದ ಪಟಗಳು, ಪ್ಲಾಸ್ಟಿಕ್ಕಿನ ಸೊಂಟದ ಎಲುಬು, ಒಂದು ಬಟ್ಟೆಯ ಗೊಂಬೆ, ಇಷ್ಟನ್ನು ಹೊತ್ತುಕೊಂಡು ಹೋಗಿದ್ದೆ. ಗೊಂಬೆಯನ್ನು ಎಲುಬಿನೊಳಗಿಂದ ತೂರಿಸಿ ಹೊರಗೆ ತೆಗೆದು ತೋರಿಸಿದೆ. ಬಸುರಿಯರು ಸೆರಗು ಬಾಯಿಗೆ ಹಿಡಿದು ನಕ್ಕರು. ಬಾಗಿಲಲ್ಲಿ ನೀಲವ್ವ ಎಂಬ ಮುದುಕಿ ಕೂತಿದ್ದಳು. ಊರಿನಲ್ಲಿ ಸೂಲಗಿತ್ತಿಯಾಗಿದ್ದವಳು, ಎಲ್ಲರೂ ದವಾಖಾನೆಗೆ ಹೋಗತೊಡಗಿದ ಮೇಲೆ ಕೈ ಖಾಲಿಯಾದವಳು.

"ಅಕ್ಕಾರ, ನೀವೆಷ್ಟು ಹಡದೀರಿ?" ಎಂದಳು.

"ಒಂದು."

"ಹೆಂಗ?"

"ಆಪರೇಷನ್ ಆತು."

"ಅಂದ್ರ ಬ್ಯಾನಿ ತಿಂದಿಲ್ಲ!" ನೀಲವ್ವ ಎಲ್ಲರ ಕಡೆ ತಿರುಗಿದಳು. "ನೋಡ್ರಬೇ, ಅಡಿಗಿ ಉಂಡಿಲ್ಲ, ಉಪ್ಪು ಎಷ್ಟೈತಿ ಅಂತ ಹೇಳಾಕ ಬಂದಾರ."

ಇಡೀ ಕೋಣೆ ನಕ್ಕಿತು, ನಾನೂ ನಕ್ಕೆ. ಹಾಗೆಂದು ನನ್ನ ನೆನಪು. ಆ ದಿನದ ಡೈರಿಯಲ್ಲಿ ಇರುವುದು ಮಾತ್ರ, "ಅವಮಾನ. ವರ್ಗಾವಣೆ ಕೇಳಬೇಕು." ಯಾವುದನ್ನು ನಂಬಲಿ?

ಆದರೂ ಮುಂದಿನ ವಾರ ಮತ್ತೆ ಹೋದೆ, ನೀಲವ್ವನನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಪಟದಲ್ಲಿ ಇಲ್ಲದ್ದನ್ನು ಅವಳು ಕಲಿಸಿದಳು. "ಬ್ಯಾನಿ ಅಂದ್ರ ದಿನ್ನಿ ಏರಿದಂಗವ್ವಾ. ಏರೂ ಮುಂದ ಉಸರು ಹತ್ತತೈತಿ. ತುದಿ ಮುಟ್ಟಿದ ಮ್ಯಾಲ ಇಳೀಲಿಕ್ಕೇ ಬೇಕು. ಇಳದ ಮ್ಯಾಲ ಒಂದೀಟು ಸಪಾಟ ಹಾದಿ. ಅಲ್ಲಿ ಕುಂತು ನೀರು ಕುಡೀರಿ, ಮುಂದಿನ ದಿನ್ನಿ ಲೆಕ್ಕಾ ಹಾಕಬ್ಯಾಡ್ರಿ." ಟೊಂಕದ ಕೆಳಗೆ ಯಾವ ಜಾಗದಲ್ಲಿ ಅಂಗೈ ಊರಿ ಒತ್ತಿದರೆ ನೋವು ಹಗುರಾಗುತ್ತದೆ ಎಂದು ನನ್ನ ಬೆನ್ನ ಮೇಲೇ ಒತ್ತಿ ತೋರಿಸಿದಳು. ಹೆರಿಗೆ ದವಾಖಾನೆಯಲ್ಲೇ ಆಗಬೇಕು ಎಂಬ ನನ್ನ ಮಾತಿಗೆ ಅವಳ ತಕರಾರಿರಲಿಲ್ಲ. "ಅಲ್ಲಿ ಎಲ್ಲಾ ಅದಾವ, ಕೈ ಹಿಡ್ಯಾವರಿಲ್ಲ" ಎಂದಳು, ಅಷ್ಟೇ.

ಚೀಲದ ಸಂಗತಿಯಲ್ಲೂ ಹೀಗೇ ಆಯಿತು. ಎಂಟು ತಿಂಗಳಾಗುತ್ತಲೇ ದವಾಖಾನೆಗೆ ಒಯ್ಯುವ ಚೀಲ ತಯಾರಿಡಿ, ಕೂಸಿಗೆ ಬಟ್ಟೆ ಇಡಿ ಎಂದು ನಾನು ಹೇಳುತ್ತಿದ್ದೆ. ಒಬ್ಬರೂ ಇಡುತ್ತಿರಲಿಲ್ಲ. ಹುಟ್ಟದ ಕೂಸಿಗೆ ಹೊಸ ಬಟ್ಟೆ ತರುವುದು ಅಪಶಕುನ. ಎರಡು ವರ್ಷ ಬೈದುಕೊಂಡೇ ತಿರುಗಿದ ಮೇಲೆ ನನಗೆ ತಿಳಿವು ಬಂತು. ಹೊಸದು ಬೇಡ, ಒಗೆದ ಹಳೆಯ ಸೀರೆಯ ತುಂಡು ಇಡಿ, ಜೊತೆಗೆ ತಾಯಿ ಕಾರ್ಡ್ ಇಡಿ ಎಂದೆ. ಚೀಲಗಳು ತಯಾರಾದವು.

ಮೇಲಧಿಕಾರಿಗಳ ಬಗ್ಗೆ ಬರೆಯದಿದ್ದರೆ ಈ ಕಥನ ಪೂರ್ತಿಯಾಗದು. ಒಬ್ಬರನ್ನಷ್ಟೇ ನೆನೆಯುತ್ತೇನೆ. ಕೆಲಸದಲ್ಲಿ ಕಟ್ಟುನಿಟ್ಟು, ಮನಸ್ಸಿನಲ್ಲಿ ಕೆಟ್ಟವರಲ್ಲ. ಒಮ್ಮೆ ಕರೆದು ಹೇಳಿದರು, "ನೋಡ್ರಿ, ಹೆರಿಗೆ ಕೋಣಿಯೊಳಗ ಗದ್ದಲ ಭಾಳ ಆಗತೈತಿ. ನಿಮ್ಮ ಕ್ಲಾಸಿಗೆ ಬಂದಾಕಿ ಯಾರು, ಬರದಾಕಿ ಯಾರು ಅನ್ನೂದು ನನಗ ಬಾಗಲಾಗ ನಿಂತ್ರ ತಿಳೀಬೇಕು." ನನಗೆ ಅದು ಸರಿಯೆನಿಸಿತು. ಧೈರ್ಯ ಬಂದವಳು ಚೀರುವುದಿಲ್ಲ ಎಂದೇ ನಾನೂ ನಂಬಿದ್ದೆ. ಮುಂದೆ ನರ್ಸುಗಳು, "ನಿಮ್ಮ ಕಡಿಯಾಕಿ ಏನ್ರಿ ಆಕಿ? ಒಂದು ದನಿ ಹೊರಗ ಬಿಡಲಿಲ್ಲ, ಭಾಳ ಶಾಣ್ಯಾಕಿ" ಎಂದಾಗ ಮುಖ ಅರಳುತ್ತಿತ್ತು. ಆ ಹೆಮ್ಮೆಯನ್ನು ಹೊತ್ತುಕೊಂಡೇ ನಾನು ಸವಣೂರಿಗೆ ವರ್ಗವಾಗಿ ಬಂದೆ.

ರೇಣುಕಾಳನ್ನು ಕಂಡದ್ದು ಅಲ್ಲಿ. ಯಲವಿಗಿಗೆ ಮದುವೆಯಾಗಿ ಬಂದ ಹುಡುಗಿ, ಚೊಚ್ಚಲ ಬಸುರಿ. ತವರು ಶಿಗ್ಗಾಂವಿ ತಾಲೂಕಿನ ದುಂಡಸಿ. ಯಲವಿಗಿಯ ತರಗತಿಯಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಮೂಗಿನಿಂದ ಎಳೆದು ಬಾಯಿಂದ ನಿಧಾನ ಬಿಡುವ ಉಸಿರನ್ನು ಅವಳಷ್ಟು ಅಚ್ಚುಕಟ್ಟಾಗಿ ಮಾಡಿದವರಿಲ್ಲ. ರೈಲು ಹೋಗುವ ಸದ್ದಿಗೆ ಉಳಿದವರೆಲ್ಲ ಕಿಟಕಿಯ ಕಡೆ ತಿರುಗಿದರೂ ಅವಳು ಕಣ್ಣು ಮುಚ್ಚಿ ಉಸಿರು ಬಿಡುತ್ತಿದ್ದಳು. "ಇಕೀನ್ನ ನೋಡಿ ಕಲೀರಿ" ಎಂದು ನಾನು ಅಂದದ್ದು ಚೆನ್ನಾಗಿ ನೆನಪಿದೆ.

ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ತವರಿಗೆ ಕಳಿಸಿದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಅಲ್ಲಿಗೆ ಅವಳ ಹೆಸರು ನನ್ನ ಪಟ್ಟಿಯಿಂದ ಹೋಯಿತು. ನಮ್ಮ ಕೆಲಸದ ತೊಡಕು ಅದು. ಪಾಠ ಕೇಳುವುದು ಗಂಡನ ಊರಿನಲ್ಲಿ, ಬ್ಯಾನಿ ತಿನ್ನುವುದು ತವರಿನಲ್ಲಿ. ಪಕ್ಕದಲ್ಲಿ ಕೂರುವ ತಾಯಿ ನಮ್ಮ ಪಾಠವನ್ನು ಕೇಳಿರುವುದೇ ಇಲ್ಲ. ಇಷ್ಟು ಸರಳ ಸಂಗತಿ ನನಗೆ ಅಷ್ಟು ವರ್ಷ ಕಂಡಿರಲಿಲ್ಲ.

ಕೂಸು ಉಳಿಯಲಿಲ್ಲ ಎಂಬ ಸುದ್ದಿ ಆಶಾ ಕಾರ್ಯಕರ್ತೆಯಿಂದ ಬಂತು. ಆ ದಿನ ನಾನು ಅತ್ತೆನೆಂದು ನೆನಪು. ಡೈರಿಯಲ್ಲಿ ಬರೆದಿರುವುದು ಇಷ್ಟು: "ಯಲವಿಗಿ, ರೇಣುಕಾ. ಶಿಶು ಮರಣ. ತವರಿನಲ್ಲಿ ಆದದ್ದರಿಂದ ನಮ್ಮ ತಾಲೂಕಿನ ವರದಿಗೆ ಬರುವುದಿಲ್ಲ." ಈ ಸಾಲನ್ನು ಬರೆದ ಕೈ ನನ್ನದೇ. ಹೊಸದಾಗಿ ಬರುವವರು ಓದಲೆಂದೇ ಇಲ್ಲಿ ನಕಲು ಮಾಡಿದ್ದೇನೆ.

ವರ್ಷ ದಾಟಿದ ಮೇಲೆ ರೇಣುಕಾ ಮತ್ತೆ ತರಗತಿಗೆ ಬಂದಳು. ನಾಲ್ಕು ತಿಂಗಳು ತುಂಬಿತ್ತು. ಈ ಸಲ ಗೋಡೆಗೆ ಒರಗಿ ಹಿಂದೆ ಕೂತಳು. ಎಲ್ಲರೂ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದು, "ಅಕ್ಕಾರ, ನನಗ ಹೊಟ್ಟಿ ಕೊಯ್ದು ತಗಿಯಾಕ ಹೇಳ್ರಿ ಡಾಕ್ಟರಿಗೆ. ಬ್ಯಾನಿ ಬ್ಯಾಡ ನನಗ" ಎಂದಳು.

ಯಾಕೆಂದು ಕೇಳಿದೆ. ಆಗ ಮೊದಲನೆಯ ಹೆರಿಗೆಯ ಕಥೆ ಹೇಳಿದಳು.

"ನೀವು ಹೇಳಿದಂಗ ಮಾಡೇನ್ರಿ. ಮುಂಜಾನಿಯಿಂದ ಬ್ಯಾನಿ. ಒಂದು ಮಾತು ಹೊರಗ ಬಿಡಲಿಲ್ಲ. ಮೂಗಿಲೆ ತಗೊಳ್ಳೂದು, ಬಾಯಿಲೆ ಬಿಡೂದು. ಅವ್ವ ಬಂದು ಬಂದು ಮಾರಿ ನೋಡಿ, 'ಇನ್ನೂ ಹೊತ್ತೈತಿ' ಅಂತ ಒಳಗ ಹೋಗ್ತಿದ್ಲು. ಸಂಜಿಗೆ ದವಾಖಾನಿಗೆ ಒಯ್ದ್ರು. ಕೂಸು ಅಳಲಿಲ್ಲ." ಸೆರಗಿನ ಚುಂಗು ಸುತ್ತುತ್ತಾ, "ಅವ್ವಗ ತಿಳೀಬೇಕಿತ್ತಲ್ರಿ? ಹಡದಾಕಿಗೆ ತಿಳಿಯೂದಿಲ್ಲೇನು?" ಎಂದಳು. ಅಂದಿನಿಂದ ತಾಯಿಯ ಜೊತೆ ಮಾತಿಲ್ಲ. ಪಂಚಮಿಗೂ ತವರಿಗೆ ಹೋಗಿರಲಿಲ್ಲ.

ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಹುಡುಗಿಯ ಹಾಗೆ ಹೇಳಿದ್ದಳು. ಅದೇ ನನ್ನ ಎದೆಗೆ ಚುಚ್ಚಿದ್ದು. "ಚೀರಬ್ಯಾಡ ಅಂತ ನಾ ಅಂದಿದ್ನೇನು?" ಎಂದು ಕೇಳಿದೆ.

"ಚೀರಾವ್ರು ಹೆದರಪುಕ್ಕರು ಅಂದ್ರಲ್ರಿ."

ಆ ಮಾತನ್ನು ನಾನು ಆಡಿದ ನೆನಪು ನನಗೆ ಇಂದಿಗೂ ಇಲ್ಲ. ಮನೆಗೆ ಹೋಗಿ ಡೈರಿ ತಿರುವಿದೆ. ಆ ತರಗತಿಯ ದಿನದ ಪುಟದಲ್ಲಿ, "ಉಸಿರಾಟ ಹೇಳಿಕೊಟ್ಟೆ. ಎಲ್ಲರಿಗೂ ಖುಷಿ" ಎಂದಿತ್ತು. ನಾನು ಮರೆತೆ, ಬರೆಯಲೂ ಇಲ್ಲ. ಆದರೆ ಬ್ಯಾನಿಯಲ್ಲಿ ಹಲ್ಲು ಕಚ್ಚಿ ಅದನ್ನು ನೆನಪಿಟ್ಟುಕೊಂಡವಳು ಅವಳು. ಅವಳು ಹೇಳಿದ್ದನ್ನೇ ನಂಬಿದೆ.

ಎರಡು ವಾರ ಸುಮ್ಮನಿದ್ದೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆಮೇಲೆ ಒಂದು ದಿನ ರಜೆ ಹಾಕಿ ಶಿಗ್ಗಾಂವಿಯಿಂದ ಬಸ್ಸು ಹಿಡಿದು ದುಂಡಸಿಗೆ ಹೋದೆ. ರೇಣುಕಾಳ ತಾಯಿ ಗಂಗವ್ವ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ನಾನು ಯಾರೆಂದು ತಿಳಿದ ಕೂಡಲೇ ಮೊರ ಕೆಳಗಿಟ್ಟಳು.

"ಆರಾಮ ಅದಾಳೇನ್ರಿ?" ಎಂದು ಕೇಳಿದಳು. ಮಗಳು ಮತ್ತೆ ಬಸುರಿ ಎಂಬುದು ಬೇರೆಯವರ ಬಾಯಿಂದ ಗೊತ್ತಾಗಿತ್ತು.

"ಆರಾಮ ಅದಾಳ. ಆ ದಿನ ಏನಾತು, ನೀವೊಂದು ಸಲ ಹೇಳ್ರಿ."

ಗಂಗವ್ವ ಕಾಳಿನಲ್ಲಿ ಬೆರಳಾಡಿಸಿದಳು. "ನಾ ಐದು ಹಡದೇನ್ರಿ. ಐದಕ್ಕೂ ಓಣಿ ಕೇಳೂ ಹಂಗ ಚೀರೇನಿ. ನಮ್ಮವ್ವ ದನಿ ಕೇಳಿ ಲೆಕ್ಕಾ ಹಾಕ್ತಿದ್ಲು. ದನಿ ಬದಲಾತು, ಗಾಡಿ ಹೂಡ್ರಿ ಅಂತಿದ್ಲು. ಇಕಿ ಚೀರಲಿಲ್ಲರಿ. ನೋಡ್ರಿ, ಆ ಹೊಸ್ತಲದಾಗ ಕುಂತು ಬಳ್ಳೊಳ್ಳಿ ಬಿಡಸಾಕತ್ತಿದ್ಲು, ತನ್ನ ಬಾಣಂತನದ ಖಾರಕ್ಕಂತ. ಬುಟ್ಟಿ ತುಂಬ ಬಿಡಿಸ್ಯಾಳ. ಬಳ್ಳೊಳ್ಳಿ ಬಿಡಸೂ ಹುಡುಗಿಗೆ ಬ್ಯಾನಿ ಜೋರಾಗ್ಯಾವು ಅಂತ ಯಾವ ತಾಯಿಗೆ ತಿಳೀಬೇಕ್ರಿ?" ಮೊರ ಮತ್ತೆ ಕೈಗೆತ್ತಿಕೊಂಡು, "ತಿಳೀಬೇಕಿತ್ತು ಬಿಡ್ರಿ. ನಾ ತಡಾ ಮಾಡ್ದ್ಯಾ" ಎಂದಳು.

ನಾನು ಆಗ ಹೇಳಿದೆ, ಸುಮ್ಮನಿರಲು ಕಲಿಸಿದವಳು ನಾನೇ ಎಂದು. ಗಂಗವ್ವ ನನ್ನನ್ನು ಬಯ್ಯುತ್ತಾಳೆಂದು ಕಾದೆ. ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು, ಬೆಲ್ಲ ತಂದಿಟ್ಟಳು. "ಬಿಸಲಾಗ ಬಂದೀರಿ, ಕುಡೀರಿ ಮೊದಲ" ಎಂದಳು. ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ನೌಕರಿಯಲ್ಲಿ ಯಾರೂ ಕೊಟ್ಟಿಲ್ಲ.

ಬೇಗ ಬಂದಿದ್ದರೆ ಕೂಸು ಉಳಿಯುತ್ತಿತ್ತೇ? ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಆ ಮಾತಿನ ಆಸರೆಯಲ್ಲಿ ಬಚಾವಾಗಲು ಹಲವು ಸಲ ನೋಡಿದ್ದೇನೆ. ಆಗಿಲ್ಲ.

ಮಾರನೆಯ ದಿನವೇ ಯಲವಿಗಿಗೆ ಹೋಗಿ ರೇಣುಕಾಳಿಗೆ ಹೇಳಿದೆ. "ತಪ್ಪು ನಿಮ್ಮವ್ವಂದಲ್ಲ, ನಂದು. ಉಸಿರು ಹಗುರ ಆಗಲಿ ಅಂತ ಹೇಳಬೇಕಿತ್ತು, ಬಾಯಿ ಮುಚ್ಚಾಕ ಹೇಳಬಾರದಿತ್ತು. ಅವ್ವಗ ನಿನ್ನ ದನೀನ ಕೇಳಲಿಲ್ಲ ತಂಗಿ, ಹೆಂಗ ತಿಳೀಬೇಕು?"

ಅವಳು ತಲೆಯೆತ್ತಿ, "ಹಂಗಾರ ಈ ಸಲ ಚೀರಲೇನ್ರಿ?" ಎಂದಳು.

"ರೈಲ್ವೆ ಸ್ಟೇಷನ್ನಿಗೆ ಕೇಳೂ ಹಂಗ ಚೀರು."

ನಕ್ಕಳು. ಆದರೆ ಅವ್ವನ ಮಾತು ತೆಗೆದರೆ ಮುಖ ಗಂಟಿಕ್ಕುತ್ತಿದ್ದಳು. "ಹೆರಿಗೆ ಕೋಣಿಯೊಳಗ ಜೋಡಿ ಒಬ್ಬರನ್ನ ಬಿಡ್ತಾರಂತಲ್ರಿ. ನೀವು ಬರ್ರಿ. ಅವ್ವ ಬ್ಯಾಡ." ಡಾಕ್ಟರು ಪರೀಕ್ಷೆ ಮಾಡಿ ಆಪರೇಷನ್ನಿನ ಅಗತ್ಯ ಸದ್ಯಕ್ಕಿಲ್ಲ ಎಂದಿದ್ದರು. ನಾನು ಬಂದರೆ ಬ್ಯಾನಿ ತಿನ್ನಲು ತಯಾರು ಎಂಬುದು ಅವಳ ಷರತ್ತು. ಒಪ್ಪಿಕೊಂಡೆ.

ನನ್ನ ಕೆಲಸದ ರೀತಿ ಬದಲಾದದ್ದು ಆಗ. ಬಸುರಿಯೊಬ್ಬಳಿಗೇ ಪಾಠ ಹೇಳುವುದನ್ನು ಬಿಟ್ಟೆ. ಎರಡೂ ಮನೆಯವರು ಒಟ್ಟಿಗೆ ಸಿಗುವ ದಿನವೆಂದರೆ ಕುಬಸ. ಕರೆದರೂ ಹೋದೆ, ಕರೆಯದಿದ್ದರೂ ಹೋದೆ. ಬಳೆ ಇಡಿಸಿದ ಮೇಲೆ, ಊಟಕ್ಕೆ ಎಲೆ ಹಾಕುವ ಮೊದಲು ಅರ್ಧ ತಾಸು ನನ್ನದು. ತಾಯಿಗೆ, ಅತ್ತೆಗೆ, ಗಂಡನಿಗೆ ಹೇಳಿದೆ: "ಚೀರತಾಳೋ ಇಲ್ಲೋ ನೋಡಬ್ಯಾಡ್ರಿ. ಒಬ್ಬಾಕಿ ಚೀರತಾಳ, ಒಬ್ಬಾಕಿ ಚೀರಂಗಿಲ್ಲ. ಮಾತಾಡ್ತಾ ಮಾತಾಡ್ತಾ ನಡುವ ಮಾತು ನಿಲ್ತೈತೇನು ನೋಡ್ರಿ. ಗಡಿಯಾರ ನೋಡ್ರಿ, ಬ್ಯಾನಿ ಸನೇಕ ಸನೇಕ ಬಂದ್ರ ಹೊರಡ್ರಿ. ನೀರು ಹೋದ್ರ, ರಕ್ತ ಕಂಡ್ರ, ಕೂಸು ಆಡೂದು ಕಡಿಮಿ ಆದ್ರ ಯಾವುದನ್ನೂ ಕಾಯಬ್ಯಾಡ್ರಿ."

ಮುಂದೆ ಹಿರೇಕೆರೂರಿಗೆ ವರ್ಗವಾದ ಮೇಲೂ ಇದನ್ನು ಬಿಡಲಿಲ್ಲ. ಚಿಕ್ಕೇರೂರಿನ ಒಂದು ಕುಬಸದಲ್ಲಿ ಗಂಡನನ್ನು ಎಬ್ಬಿಸಿ ಹೆಂಡತಿಯ ಟೊಂಕ ಒತ್ತುವುದನ್ನು ಕಲಿಸುತ್ತಿದ್ದೆ. ಅವನು ನಾಚಿಕೊಂಡು ಎರಡು ಬೆರಳಲ್ಲಿ ಮುಟ್ಟುತ್ತಿದ್ದ. ಅವನ ಅತ್ತೆ ಹಿಂದಿನಿಂದ, "ಅಳಿಯಂದ್ರ, ಬೇಯಿಸಿದ ಬದನೀಕಾಯಿ ಒತ್ತಿದಂಗ ಒತ್ತಬ್ಯಾಡ್ರಿ, ರೊಟ್ಟಿ ಹಿಟ್ಟು ನಾದಿದಂಗ ನಾದ್ರಿ!" ಎಂದಳು. ನಗುವಿನ ನಡುವೆ ಅವನು ನಿಜವಾಗಿಯೂ ಅಂಗೈ ಊರಿದ. ಹೆಂಡತಿ "ಹಾಂ, ಅಲ್ಲೇ" ಎಂದಳು. ಇಷ್ಟಾದರೆ ಸಾಕು, ಆ ದಿನದ ಪಾಠ ಮುಗಿದಂತೆ.

ಮತ್ತೆ ಸವಣೂರಿನ ದಿನಗಳಿಗೆ ಬರುತ್ತೇನೆ. ರೇಣುಕಾಳಿಗೆ ಎರಡನೆಯ ಸಲ ಕುಬಸ ಮಾಡಿರಲಿಲ್ಲ. ಹೆದರಿಕೆಯಿಂದ ಯಾರೂ ಅದರ ಸುದ್ದಿ ಎತ್ತಲಿಲ್ಲ. ಅವಳ ಗಂಡ ಮಲ್ಲಿಕಾರ್ಜುನನಿಗೆ ಮನೆಯಲ್ಲೇ ಕೂರಿಸಿ ಹೇಳಿಕೊಟ್ಟಿದ್ದೆ. ದಿನ ತುಂಬಿದ ವಾರದಲ್ಲಿ ಒಂದು ಬೆಳಿಗ್ಗೆ ಅವನ ಫೋನ್ ಬಂತು.

"ಅಕ್ಕಾರ, ಬೈಯಾಕತ್ತಿದ್ಲು ನನಗ. ನಡುವ ಬೈಯೂದು ನಿಂತು ಬಿಡ್ತೈತ್ರಿ. ಆಮ್ಯಾಲ ಮತ್ತ ಶುರು ಮಾಡ್ತಾಳ."

"ಎಷ್ಟು ಸಲ ನಿಂತಿತು?"

"ಹತ್ತು ನಿಮಿಷಕ್ಕೊಮ್ಮಿ. ನೋಡಾಕತ್ತೇನ್ರಿ, ಗಡಿಯಾರ ಕೈಯಾಗ ಐತಿ."

"ಗಾಡಿಗೆ ಫೋನ್ ಮಾಡು" ಎಂದೆ. ಆಮೇಲೆ ಯಾರನ್ನೂ ಕೇಳದೆ ದುಂಡಸಿಗೂ ಫೋನ್ ಹಚ್ಚಿದೆ. ಅದು ಸರಿಯೋ ತಪ್ಪೋ ಎಂದು ಯೋಚಿಸಿದ್ದು ಹಚ್ಚಿ ಮುಗಿದ ಮೇಲೆ.

ದವಾಖಾನೆಯಲ್ಲಿ ಸಿಸ್ಟರ್ ಶಕುಂತಲಾ ನನ್ನನ್ನು ಒಳಗೆ ಬಿಟ್ಟರು. ರೇಣುಕಾ ನನ್ನ ಮುಂಗೈ ಹಿಡಿದಳು. ಟೊಂಕ ಒತ್ತಿದೆ, ನೀರು ಕುಡಿಸಿದೆ, ಅಡ್ಡಾಡಿಸಿದೆ. ಬ್ಯಾನಿ ಜೋರಾದಾಗ ಅಭ್ಯಾಸಬಲದಿಂದ, "ಮೂಗಿಲೆ ತಗೋ, ಬಾಯಿಲೆ..." ಎಂದೆ.

"ನಿಮ್ಮ ಉಸರು ನಿಮ್ಮ ಕಡೇನ ಇಟ್ಕೋರಿ ಅಕ್ಕಾರ!" ಎಂದು ಕೂಗಿದಳು. ಸಿಸ್ಟರ್ ಶಕುಂತಲಾ ಮುಖ ತಿರುಗಿಸಿಕೊಂಡು ನಕ್ಕರು. ಆಮೇಲೆ ರೇಣುಕಾ ಚೀರಿದಳು. ಒಂದೂವರೆ ವರ್ಷ ಒಳಗಿಟ್ಟುಕೊಂಡದ್ದೂ ಅದರಲ್ಲಿ ಇತ್ತೇನೋ, ನನಗೆ ಗೊತ್ತಿಲ್ಲ. ಆ ಹಿಂದೆ ಎಷ್ಟೋ ಹೆಣ್ಣುಮಕ್ಕಳು ಚೀರುವುದನ್ನು ದೂರದಿಂದ ಕೇಳಿ ಗದ್ದಲ ಎಂದುಕೊಂಡಿದ್ದೆ. ಹತ್ತಿರದಿಂದ ಕೇಳಿದರೆ ಅದು ಗದ್ದಲವಲ್ಲ, ಕೆಲಸ ಮಾಡುವವರ ದನಿ.

"ಯವ್ವಾ!" ಎಂದಳು. ಬ್ಯಾನಿಯಲ್ಲಿ ಎಲ್ಲರೂ ಅನ್ನುವ ಮಾತು, ನಾನು ಅದಕ್ಕೆ ಕಿವಿಗೊಡಲಿಲ್ಲ. ಎರಡನೆಯ ಸಲವೂ ಹಾಗೇ ಅಂದುಕೊಂಡೆ. ಮೂರನೆಯ ಸಲ ಅಂದಾಗ ನನ್ನ ಕೈ ಬಿಟ್ಟು ಬಾಗಿಲ ಕಡೆ ನೋಡಿದಳು. ನನಗೆ ಹಾಗೆ ಕಂಡಿತು. ನೋವಿನಲ್ಲಿ ಕತ್ತು ಹೊರಳಿರಲೂಬಹುದು. ಆದರೆ ಅಂಥ ಹೊತ್ತಿನಲ್ಲಿ ಅನುಮಾನಪಡುತ್ತಾ ನಿಲ್ಲಲು ಬರುವುದಿಲ್ಲ. ಹೊರಗೆ ಬಂದೆ.

ಗಂಗವ್ವ ಪಡಸಾಲೆಯಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಕೈಯಲ್ಲಿ ಹಳೆಯ ಸೀರೆಯ ಗಂಟು. ಯಾವಾಗ ಬಂದಳೋ, ಯಾರಿಗೂ ಹೇಳಿರಲಿಲ್ಲ.

"ಒಳಗ ಹೋಗ್ರಿ" ಎಂದೆ.

"ಒಬ್ಬರಿಗಷ್ಟ ಅಂತಲ್ರಿ. ನಿಮ್ಮನ್ನ ಬೇಡ್ಯಾಳ."

"ನಾ ಹೊರಗ ಬಂದೇನಿ ನೋಡ್ರಿ. ಜಾಗಾ ಖಾಲಿ ಐತಿ."

"ನನ್ನ ಕರದ್ಲೇನ್ರಿ ಖರೇ? ಬ್ಯಾನಿಯೊಳಗ ಎಲ್ಲಾರೂ ಹಂಗ ಅಂತಾರ."

"ಎಲ್ಲಾರೂ ಅಂತಾರ. ಇಕಿ ಬಾಗಲಾ ನೋಡಿ ಅಂದ್ಲು."

ಗಂಟನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಗಿಸಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಳಗೆ ಇಬ್ಬರೂ ಒಬ್ಬರನ್ನೊಬ್ಬರು ಹೇಗೆ ನೋಡಿದರು, ಯಾರು ಮೊದಲು ಕೈ ಚಾಚಿದರು, ನನಗೆ ಗೊತ್ತಿಲ್ಲ. ಆಮೇಲೆ ಕೇಳಲೂ ಇಲ್ಲ. ನಾನು ಬರೆಯಬಲ್ಲದ್ದು ಬಾಗಿಲಾಚೆಯಿಂದ ಕೇಳಿಸಿದ್ದನ್ನು ಮಾತ್ರ. ರೇಣುಕಾ ಚೀರುತ್ತಿದ್ದಳು. ಆ ದನಿಯ ನಡುವೆ ಗಂಗವ್ವನ ದನಿ, ಗಟ್ಟಿಯಾಗಿ:

"ಚೀರ ನನ್ನವ್ವ, ಚೀರ. ನಾ ಕೇಳಾಕತ್ತೇನಿ."

ಮಲ್ಲಿಕಾರ್ಜುನ ಗಡಿಯಾರ ಹಿಡಿದೇ ಅಡ್ಡಾಡುತ್ತಿದ್ದ. ಅದರ ಕೆಲಸ ಮುಗಿದಿದೆ ಎಂದು ಅವನಿಗೆ ನಾನು ಹೇಳಲಿಲ್ಲ. ಎಷ್ಟು ಹೊತ್ತಾಯಿತೋ, ಒಳಗಿನ ದನಿಗಳೆರಡೂ ಒಮ್ಮೆಲೇ ನಿಂತವು. ಗಂಟನ್ನು ಎದೆಗೊತ್ತಿಕೊಂಡು ನಿಂತೆ. ಆಮೇಲೆ ಸಣ್ಣಗೆ, ಸಿಟ್ಟಿನಿಂದ, ಕೂಸೊಂದು ಅಳತೊಡಗಿತು.

ಪಕ್ಕದ ವಾರ್ಡಿನಲ್ಲೂ ಕೂಸುಗಳಿದ್ದವು. ಮಲ್ಲಿಕಾರ್ಜುನ ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕಾರ, ಅದು ನಮ್ಮದ ಹೌದಲ್ರಿ?" ಎಂದ.

"ನಿಮ್ಮದ" ಎಂದೆ.